ಚಿನ್ನವನ್ನೆಲ್ಲ ಸಮುದ್ರಕ್ಕೆ ಹಾಕಿದ ಮೇಲೆ

ಮಾರಿಕುಪ್ಪದಿಂದ ಬೆಳಗಿನ ಹೊತ್ತು ಬೆಂಗಳೂರಿಗೆ ಹೊರಡುವ ರೈಲಿನಲ್ಲಿ ಸಿನಿಮಾ ವಿಮರ್ಶೆ ನಡೆಯುತ್ತದೆ. ನಾವು ತಮಾಷೆಗೆ ಹೇಳುತ್ತಿಲ್ಲ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಒಂದೊಂದೇ ನಿಲ್ದಾಣ ಬರುತ್ತದೆ. ಇವೆಲ್ಲ ಒಂದು ಕಾಲಕ್ಕೆ ಚಿನ್ನದ ಗಣಿಗಳ ಹೆಸರು. ಈಗ ರೈಲ್ವೆ ಬೋರ್ಡಿನ ಹೆಸರು. ಪ್ರತಿ ನಿಲ್ದಾಣದಲ್ಲೂ ಊಟದ ಡಬ್ಬಿ ಹಿಡಿದ ಜನ ನುಗ್ಗುತ್ತಾರೆ. ಸೆಕ್ಯುರಿಟಿ ಗಾರ್ಡುಗಳು, ಗಾರ್ಮೆಂಟಿನ ಹೆಣ್ಣುಮಕ್ಕಳು, ಟೈಲ್ಸ್ ಹಾಕುವವರು, ವೈರಿಂಗ್ ಮಾಡುವವರು, ಆಸ್ಪತ್ರೆಯ ಆಯಾಗಳು. 2001ರ ಫೆಬ್ರವರಿ 28ರಂದು ಭಾರತ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಕೆ.ಜಿ.ಎಫ್.ನ ಗಣಿ ಕಾಲೋನಿಗಳು ದಿನಾ ಬೆಳಿಗ್ಗೆ ಹೀಗೆ ಬೆಂಗಳೂರಿಗೆ ಖಾಲಿಯಾಗುತ್ತವೆ, ರಾತ್ರಿ ಮತ್ತೆ ತುಂಬಿಕೊಳ್ಳುತ್ತವೆ. ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ. ಇಷ್ಟು ಹೊತ್ತು ಮನುಷ್ಯರು ಏನು ಮಾತಾಡಬೇಕು? ಮನೆಯ ಸಾಲ, ಮೇಸ್ತ್ರಿಯ ಮೋಸ, ಆಮೇಲೆ ಸಿನಿಮಾ. ನೋಡಿದ ಸಿನಿಮಾ, ನೋಡಬೇಕಾದ ಸಿನಿಮಾ.

ಈ ರೈಲಿನಲ್ಲಿ ಕೆಲವು ದಿನ ನಾವೂ ಓಡಾಡಿದೆವು. ಒಬ್ಬ ಗೆಳೆಯನ ಮನೆಯ ಕೆಲಸಕ್ಕಾಗಿ ಹೋಗಿದ್ದೆವೇ ಹೊರತು ಜನಾಭಿಪ್ರಾಯ ಸಂಗ್ರಹಕ್ಕಲ್ಲ. ಆದರೆ ಕಿವಿ ಮುಚ್ಚಿಕೊಂಡು ಕೂರುವುದು ಹೇಗೆ? ಅಲ್ಲಿ ಕೇಳಿದ್ದು ನಮ್ಮನ್ನು ಸ್ವಲ್ಪ ನಾಚುವಂತೆ ಮಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಬಹಳ ಜನ ತಮಿಳಿನಲ್ಲಿ, ಬಂಗಾರಪೇಟೆಯಿಂದಾಚೆ ಹತ್ತಿದವರು ಕನ್ನಡ ತೆಲುಗು ಕಲಸಿಕೊಂಡು ಆಡಿದ ಮಾತನ್ನು ನಮ್ಮ ಕನ್ನಡಕ್ಕೆ ತಂದುಕೊಂಡಿದ್ದೇವೆ. ತಂದುಕೊಳ್ಳುವಾಗ ಸ್ವಲ್ಪ ಖಾರ ಕಮ್ಮಿಯಾಗಿದೆ, ಕ್ಷಮಿಸಿ.

ಮೊದಲ ಮಾತು ಒಬ್ಬ ವಯಸ್ಸಾದವರದು. ಐವತ್ತೈದು ಅರವತ್ತಿರಬಹುದು. ಈಗ ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಾರೆ. ವಯಸ್ಸಿನಲ್ಲಿ ಗಣಿಯೊಳಗೆ ಇಳಿದವರು. ಎದುರು ಕೂತ ಹುಡುಗನ ಮೊಬೈಲಿನಲ್ಲಿ 'ಕೆ.ಜಿ.ಎಫ್.' ಎರಡನೇ ಭಾಗ ಓಡುತ್ತಿತ್ತು. ಅವನಿಗೆ ಅದು ಎಷ್ಟನೇ ಸಲವೋ. ಕೊನೆಯ ಭಾಗ ಬಂತು. ನಾಯಕ ರಾಕಿ ಚಿನ್ನವನ್ನೆಲ್ಲ ಹಡಗಿಗೆ ತುಂಬಿಕೊಂಡು ಸಮುದ್ರದ ತಳ ಸೇರುತ್ತಾನೆ. ಹಿರಿಯರು ಬಗ್ಗಿ ನೋಡಿ ಹೇಳಿದರು: "ಅಲ್ಲಪ್ಪಾ, ಅಷ್ಟೂ ಚಿನ್ನಾನ ತಗೊಂಡೋಗಿ ಸಮುದ್ರಕ್ಕೆ ಹಾಕ್ಬುಟ್ನಲ್ಲ. ಅಗೆದೋರಿಗೆ ಒಂದು ಚೂರಾದ್ರೂ ಕೊಡಬಾರ್ದಾಗಿತ್ತಾ?"

ಹುಡುಗ ನಕ್ಕ. "ತಾತಾ, ಅದು ಅಮ್ಮಂಗೆ ಕೊಟ್ಟ ಮಾತು."

"ನಮ್ಗೂ ಒಬ್ಳು ಅಮ್ಮ ಇದ್ಳಲ್ಲಪ್ಪಾ."

ಇಷ್ಟೇ ಸಂಭಾಷಣೆ. ಆಮೇಲೆ ಹುಡುಗ ಬೇರೆ ಯಾವುದೋ ಹಾಡು ಹಾಕಿದ, ಹಿರಿಯರು ಕಣ್ಣು ಮುಚ್ಚಿದರು.

2018ರ ಡಿಸೆಂಬರಿನಲ್ಲಿ ಮೊದಲ ಭಾಗ, 2022ರ ಏಪ್ರಿಲ್ 14ರಂದು ಎರಡನೇ ಭಾಗ ಬಂದಾಗ ನಮ್ಮ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಛಾಯಾಗ್ರಹಣ, ಸಂಕಲನ, ಹಿನ್ನೆಲೆ ಸಂಗೀತ, ಕನ್ನಡ ಚಿತ್ರರಂಗದ ಕೀರ್ತಿಪತಾಕೆ. ಒಂದು ಸಾವಿರ ಕೋಟಿಗೂ ಮೀರಿದ ಗಳಿಕೆ. ಆದರೆ ಅಗೆದವರಿಗೆ ಏನು ಸಿಕ್ಕಿತು ಎಂಬ ಒಂದೇ ಒಂದು ಪ್ರಶ್ನೆಯನ್ನು ಯಾವ ಅಂಕಣಕಾರನೂ ಕೇಳಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ನಾವೂ ಕೇಳಲಿಲ್ಲ. ನಾವು ಅದನ್ನು 'ಕಮರ್ಷಿಯಲ್ ಕಸ' ಎಂದು ಕರೆದು ಪಕ್ಕಕ್ಕಿಟ್ಟೆವು. ಬೈದು ಪಕ್ಕಕ್ಕಿಡುವುದೂ ಹೊಗಳಿ ತಲೆಯ ಮೇಲಿಡುವುದೂ ಒಂದೇ ರೀತಿಯ ಸೋಮಾರಿತನ ಅಂತ ಈಗ ಅನ್ನಿಸುತ್ತಿದೆ. ಎರಡರಲ್ಲೂ ಸಿನಿಮಾ ನೋಡುವ ಮನುಷ್ಯನನ್ನು ಯಾರೂ ವಿಚಾರಿಸುವುದಿಲ್ಲ.

ಆ ಏಪ್ರಿಲ್ 14 ಯಾವ ದಿನವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಸರ್ಕಾರಿ ರಜೆ, ಜನ ಬಿಡುವಾಗಿರುತ್ತಾರೆ ಎಂಬುದು ವ್ಯಾಪಾರದ ಲೆಕ್ಕ. ನಮ್ಮ ಎಷ್ಟೋ ಹುಡುಗರು ಬೆಳಿಗ್ಗೆ ಬಾಬಾಸಾಹೇಬರ ಫೋಟೋ ಮೆರವಣಿಗೆಯಲ್ಲಿ ಕುಣಿದು, ಅದೇ ನೀಲಿ ಶಾಲನ್ನು ಹೆಗಲ ಮೇಲೆ ಹಾಕಿಕೊಂಡು ಸಂಜೆ ಷೋಗೆ ಹೋದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಅಂದು ಅವರು ತೆರೆಯ ಮೇಲೆ ಕಂಡದ್ದೇನು? ನರಾಚಿ ಎಂಬ ಗಣಿ. ಅಲ್ಲಿ ಹಿಡಿದು ತಂದ ಗುಲಾಮರು. ಬಾಯಿ ಸತ್ತವರು, ಮಸಿ ಹಿಡಿದ ಮುಖದವರು. ಬೊಂಬಾಯಿಯಿಂದ ಒಬ್ಬ ಬಂದು ಬಿಡಿಸುವತನಕ ತಮ್ಮ ಕೈ ತಾವೇ ಎತ್ತಲಾರದವರು.

ನಮ್ಮ ಜಗಳ ಇರುವುದು ಇಲ್ಲಿ. ಕತೆ ಕಟ್ಟುಕತೆ, ಹೆಸರು ಮಾತ್ರ ನಿಜ ಅನ್ನುತ್ತಾರೆ. ಸರಿ. ಹಾಗಾದರೆ ಆ ನಿಜವಾದ ಹೆಸರಿನ ಊರಿನಲ್ಲಿ ಏನಿತ್ತು ಅಂತ ಕೇಳೋಣ. 1880ರಿಂದ ಜಾನ್ ಟೇಲರ್ ಕಂಪನಿಯವರು ಅಗೆಸಿದರು. ಅಗೆದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯ ಹೊಲೆಗೇರಿಗಳಿಂದ, ಅಂದರೆ ಅಲ್ಲಿನ ಚೇರಿಗಳಿಂದ ಬಂದ ತಮಿಳು ದಲಿತರು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಆದ ಮೇಲೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಬಂಡೆಯ ಶಾಖದಲ್ಲಿ ಬೆಂದು, ಕಲ್ಲಿನ ಧೂಳು ಕುಡಿದು ಎದೆಗೂಡು ಗಟ್ಟಿಯಾಗಿ ಸತ್ತವರು ಇವರು. ಆದರೆ ಬಾಯಿ ಸತ್ತವರಾಗಿರಲಿಲ್ಲ. ಅಯೋತಿ ದಾಸರ ಬೌದ್ಧ ಚಳವಳಿ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪದಲ್ಲಿ ಬೇರು ಬಿಟ್ಟಿತ್ತು. ಅವರ ಬರಹಗಳನ್ನು ಪುಸ್ತಕ ಮಾಡಿ ಅಚ್ಚು ಹಾಕಿದ್ದು ಇದೇ ಊರಿನ ಜನ. 1930ರಲ್ಲಿ ಕಂಪನಿಯವರು ಕೂಲಿಗಾರರ ಬೆರಳಚ್ಚು ತೆಗೆದುಕೊಂಡು ರಿಜಿಸ್ಟ್ರಿ ಮಾಡಹೊರಟಾಗ, ನಾವೇನು ಕಳ್ಳರಾ ಎಂದು ಸುಮಾರು ಮೂರು ವಾರ ಗಣಿಗಳನ್ನೇ ನಿಲ್ಲಿಸಿದರು. ಸ್ವಾತಂತ್ರ್ಯ ಬಂದ ಮೇಲೆ ರಿಪಬ್ಲಿಕನ್ ಪಕ್ಷದ ಹೆಸರಿನಲ್ಲಿ ವಿಧಾನಸಭೆಗೆ ಆಳು ಕಳಿಸಿದ ಊರು ಇದು. ಹೆಬ್ಬೆಟ್ಟು ಒತ್ತಲು ಒಲ್ಲೆವೆಂದವರ ಮೊಮ್ಮಕ್ಕಳನ್ನು ತೆರೆಯ ಮೇಲೆ ಗುಲಾಮರನ್ನಾಗಿ ನಿಲ್ಲಿಸಿ, ಅವರ ಊರಿನ ಹೆಸರಿನ ಮೂರು ಇಂಗ್ಲಿಷ್ ಅಕ್ಷರವನ್ನು ಮಾತ್ರ ಎತ್ತಿಕೊಂಡು ಹೋದರು.

ಆದರೂ ಮೊಮ್ಮಕ್ಕಳು ಸಿಳ್ಳೆ ಹಾಕಿದರಲ್ಲ? ಹಾಕಿದರು. ರೈಲಿನ ಆ ಹುಡುಗನನ್ನೇ ನಾವು ಕೇಳಿದೆವು. ಅವನು ಕೊಟ್ಟ ಉತ್ತರ ನಮ್ಮ ಯಾವ ಸೆಮಿನಾರಿನಲ್ಲೂ ಬಂದಿಲ್ಲ. "ಸಾರ್, ನಾನು ಬೆಂಗ್ಳೂರಲ್ಲಿ ಕೆಲ್ಸಕ್ಕೆ ಸೇರ್ದಾಗ ಯಾವೂರು ಅಂದ್ರೆ ಕೆ.ಜಿ.ಎಫ್. ಅಂತಿದ್ದೆ. ಓ, ರೌಡಿಗಳ ಊರು ಅನ್ನೋರು. ಇಲ್ಲಾಂದ್ರೆ ಅದೆಲ್ಲಿ ಬರುತ್ತೆ ಅನ್ನೋರು. ಪಿಕ್ಚರ್ ಬಂದ್ಮೇಲೆ ಕೆ.ಜಿ.ಎಫ್.ಆ ಅಂತ ಕಣ್ಣರಳಿಸ್ತಾರೆ. ನಮ್ಮಪ್ಪ ಮೂವತ್ತು ವರ್ಷ ಒಳಗಿಳಿದ್ರೂ ಆಗದ್ದು ಎರಡೂವರೆ ಗಂಟೆ ಪಿಕ್ಚರಿಂದ ಆಯ್ತು." ಅವನಿಗೆ ಕತೆ ಸುಳ್ಳೆಂದು ಗೊತ್ತು. ರಾಕಿಯಂಥವನು ತನ್ನ ಲೈನಿನಲ್ಲಿ ಯಾರೂ ಇರಲಿಲ್ಲವೆಂದೂ ಗೊತ್ತು. ಕೆಲಸ ಹೋದ ಅಪ್ಪಂದಿರು, ಬರಬೇಕಾದ ಬಾಕಿಗಾಗಿ ಅರ್ಜಿ ಹಿಡಿದು ಅಲೆದ ಅಪ್ಪಂದಿರು, ಕೆಮ್ಮುವ ಅಪ್ಪಂದಿರು ಇರುವ ಲೈನಿನಲ್ಲಿ ಹುಟ್ಟಿದ ಹುಡುಗನಿಗೆ, ಯಾರಾದರೂ ಒಬ್ಬ ಎದೆಯುಬ್ಬಿಸಿ ನಡೆಯುವುದನ್ನು ನೋಡುವ ಹಸಿವು ಇರುವುದಿಲ್ಲವೆ? ಆ ಹಸಿವನ್ನು ನಾವು ಗೇಲಿ ಮಾಡಲಾರೆವು. ಆ ಹಸಿವಿಗೆ ಕೊಟ್ಟ ಊಟದಲ್ಲಿ ಏನು ಕಲಬೆರಕೆಯಾಗಿದೆ ಎಂಬುದನ್ನು ಮಾತ್ರ ಹೇಳಬಲ್ಲೆವು.

ಅದೇ ನೆಲದ ಮೇಲೆ ಇನ್ನೊಂದು ಸಿನಿಮಾ ಬಂತು. 2024ರ ಆಗಸ್ಟ್ 15ರಂದು ಬಿಡುಗಡೆಯಾದ ಪಾ. ರಂಜಿತರ 'ತಂಗಲಾನ್'. ನಮ್ಮ ಕಡೆಯ ಗೆಳೆಯರು ಇದಕ್ಕಾಗಿ ಕಾದಿದ್ದರು. ಜಮೀನ್ದಾರನ ಮೋಸಕ್ಕೆ ಸಿಕ್ಕಿ ಬೆಳೆ ಸುಟ್ಟುಹೋಗಿ, ಇದ್ದ ಭೂಮಿ ಕಳಕೊಂಡು ಜೀತಕ್ಕೆ ಬಿದ್ದ ಜನ. ಬಿಳಿಯ ದೊರೆ ಚಿನ್ನ ತೋರಿಸಿದರೆ ಕಾಸು ಕೊಡುತ್ತೇನೆಂದಾಗ ಹೊರಟ ಜನ. ತಾವು ಅಗೆಯಹೊರಟ ಚಿನ್ನವನ್ನು ಕಾಯುತ್ತಿದ್ದವರು ತಮ್ಮ ಪೂರ್ವಿಕರೇ ಎಂದು ಕೊನೆಗೆ ಕಂಡುಕೊಳ್ಳುವ ಜನ. ಗುಲಾಮರನ್ನು ಬಿಡಿಸಲು ಇಲ್ಲಿ ಹೊರಗಿನವನು ಬರುವುದಿಲ್ಲ. ಚರಿತ್ರೆಯ ಕಡೆಯಿಂದ ನೋಡಿದರೆ 'ಕೆ.ಜಿ.ಎಫ್.'ಗೆ ಕೊಡಬೇಕಾದ ಉತ್ತರವೇ ಇದು. ನೋಡಲೇಬೇಕು, ನಮ್ಮ ಜನ ನೋಡದಿದ್ದರೆ ದ್ರೋಹ, ಅಂತೆಲ್ಲ ನಮ್ಮವರು ಸಭೆಗಳಲ್ಲಿ ಮಾತಾಡಿದರು. ನಾವೂ ಆಡಿದೆವು.

ರೈಲಿನಲ್ಲಿ ಅದರ ಬಗ್ಗೆ ಕೇಳಿದಾಗ ಬಂದ ಮೊದಲ ಅಭಿಪ್ರಾಯ: "ಇಂಟರ್‌ವಲ್ ಆದ್ಮೇಲೆ ಮಲ್ಗಿಬುಟ್ಟೆ ಸಾರ್."

ಎರಡನೆಯದು: "ಕನಸಾ ನಿಜಾನಾ ಗೊತ್ತಾಗ್ಲಿಲ್ಲ. ಆ ಹೆಂಗಸು ಬರ್ತಾಳೆ, ಕೂಗ್ತಾಳೆ, ಹೋಗ್ತಾಳೆ."

ಮೂರನೆಯದು ಟೈಲ್ಸ್ ಕೆಲಸದವನದು: "ವಿಕ್ರಮ್ ಒಳ್ಳೆ ಕಷ್ಟಪಟ್ಟವ್ನೆ. ಆದ್ರೆ ನಾನು ಆರ್ ದಿನ ಕಷ್ಟಪಟ್ಟು ಏಳನೇ ದಿನ ಇನ್ನೊಬ್ರು ಕಷ್ಟಪಡೋದ್ನ ಕಾಸು ಕೊಟ್ಟು ನೋಡ್ಬೇಕಾ?"

ನಮ್ಮ ಜೊತೆಗಿದ್ದ ಗೆಳೆಯನಿಗೆ ಸಿಟ್ಟು ಬಂತು. ನಿಮ್ಮ ಅಜ್ಜನ ಕತೆ ಕಣ್ರೀ ಅದು ಎಂದು ಭಾಷಣ ಶುರುಮಾಡಿದ. ನಾವು ಅವನ ಮಂಡಿ ಒತ್ತಿ ಸುಮ್ಮನಿರಿಸಿದೆವು. ಬೇಜಾರು ಆಯಿತು ಅಂತ ಹೇಳುವ ಹಕ್ಕು ಕೂಲಿಯವನಿಗೆ ಇಲ್ಲವೆ? ಮಧ್ಯಮವರ್ಗದವನಿಗೆ ಬೇಜಾರಾದರೆ ಅದು 'ಲಯದ ಕೊರತೆ', 'ದ್ವಿತೀಯಾರ್ಧದ ಶೈಥಿಲ್ಯ'. ನಮ್ಮವನಿಗೆ ಬೇಜಾರಾದರೆ ಪ್ರಜ್ಞೆಯ ಕೊರತೆ! ಈ ತಕ್ಕಡಿ ಯಾರದು? ಸಿನಿಮಾದ ಎರಡನೇ ಭಾಗದಲ್ಲಿ ಭ್ರಮೆ, ಐತಿಹ್ಯ, ಹಿಂದಿನ ಜನ್ಮ, ಯುದ್ಧ ಎಲ್ಲ ಒಂದರ ಮೇಲೊಂದು ಬಿದ್ದು ಕತೆಯ ದಾರಿ ಮುಚ್ಚಿಹೋಗುತ್ತದೆ ಎಂಬುದು ಸತ್ಯ. ನಮ್ಮ ಪಕ್ಷದ ಸಿನಿಮಾ ಎಂಬ ಒಂದೇ ಕಾರಣಕ್ಕೆ ನಾವು ಅದನ್ನು ಬರೆಯಲಿಲ್ಲ. ಮಲಗಿಬಿಟ್ಟೆ ಎಂದವನು ನಮಗಿಂತ ಪ್ರಾಮಾಣಿಕ ವಿಮರ್ಶಕ.

ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಕಿಟಕಿಯ ಪಕ್ಕ ಕೂತು ಅಷ್ಟು ಹೊತ್ತೂ ಮಾತಾಡದಿದ್ದ ಗಾರ್ಮೆಂಟಿನ ಹೆಂಗಸೊಬ್ಬರು, ಗಂಡಸರೆಲ್ಲ ಬೇರೆ ಸುದ್ದಿಗೆ ಹೊರಳಿದ ಮೇಲೆ, ನಮಗಲ್ಲ, ಪಕ್ಕದ ಹೆಣ್ಣುಮಗಳಿಗೆ ಹೇಳಿದರು. "ಆ ರವಿಕೆ ಸೀನು ನೋಡ್ದೇನಕ್ಕಾ? ಎಲ್ರಿಗೂ ರವಿಕೆ ತಂದು ಕೊಡ್ತಾನಲ್ಲ. ಹೆಂಗಸ್ರೆಲ್ಲಾ ಹಾಕ್ಕೊಂಡು ಒಬ್ರನ್ನೊಬ್ರು ಮುಟ್ಟಿ ಮುಟ್ಟಿ ನೋಡ್ಕೊಂಡು ನಗ್ತಾರೆ. ನಂಗೆ ಅಳು ಬಂದ್ಬುಡ್ತು. ದಿನಾ ಎಷ್ಟೋ ಷರ್ಟಿಗೆ ಕಾಲರ್ ಹೊಲೀತೀನಿ, ಬಟ್ಟೆ ಅಂದ್ರೆ ಇಷ್ಟು ದೊಡ್ದು ಅಂತ ಗೊತ್ತೇ ಇರ್ಲಿಲ್ಲ."

ಈ ಮಾತು ಬಿದ್ದಾಗ ನಾವು ಪುಸ್ತಕ ಮುಚ್ಚಿದೆವು. ಇಡೀ ಸಿನಿಮಾದಲ್ಲಿ ನಿರ್ದೇಶಕ ನಿಜವಾಗಿ ಗೆದ್ದ ಜಾಗ ಅದೊಂದೇ ಇರಬಹುದು. ಅಲ್ಲಿ ಘೋಷಣೆ ಇಲ್ಲ, ಐತಿಹ್ಯ ಇಲ್ಲ. ಮೈ ಮುಚ್ಚಿಕೊಳ್ಳಲು ಬಿಡದಿದ್ದ ವ್ಯವಸ್ಥೆ ಮತ್ತು ಒಂದು ಗೇಣು ಬಟ್ಟೆ, ಇಷ್ಟೇ. ಅದನ್ನು ಹೊಲಿಗೆಯವಳೇ ಕಂಡುಹಿಡಿದಳು.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕು, ಇಲ್ಲದಿದ್ದರೆ ಜನವೆಂದರೆ ದೇವರು ಎನ್ನುವ ಭಜನೆಯಾಗುತ್ತದೆ. ಅದೇ ಡಬ್ಬಿಯಲ್ಲಿ ನಾವು ಕೇಳಬಾರದ್ದನ್ನೂ ಕೇಳಿದೆವು. ನಾಯಕಿ ಕರ್ರಗಿದ್ದಾಳೆ, ದುಡ್ಡು ದಂಡ ಎಂದವನು ನಮ್ಮಷ್ಟೇ ಕಪ್ಪಗಿದ್ದ. ಯಾವ ಹೀರೋ ಯಾವ ಜಾತಿ, ಯಾರ ಕಟೌಟಿಗೆ ಯಾರು ಹಾಲು ಹುಯ್ಯಬೇಕು ಎಂಬ ಲೆಕ್ಕವೂ ನಡೆಯಿತು. ಹೆಂಗಸರ ಎದುರಿಗೇ ಹೆಂಗಸರ ಬಗ್ಗೆ ಆಡಿದ ಮಾತುಗಳಿವೆ, ಅವನ್ನು ಬರೆಯುವುದಿಲ್ಲ. ಜನರ ಬಾಯಲ್ಲಿ ಬಂದದ್ದೆಲ್ಲ ಜನಪರವಲ್ಲ. ಪುರೋಹಿತಶಾಹಿಯ ಮಾತೂ ಬಂಡವಾಳಶಾಹಿಯ ಮಾತೂ ಅವರ ಬಾಯಲ್ಲೇ ಬರುತ್ತದೆ, ಏಕೆಂದರೆ ಕಿವಿಗೆ ಬಿದ್ದದ್ದೇ ಅದು.

ಅದರಲ್ಲೂ ಹೊಸದೊಂದು ರೋಗ ಬಂದಿದೆ. ಮುಂದೆ ಬರುವ ಸಿನಿಮಾದ ಮಾತು ಬಂತೆಂದರೆ ಕತೆ ಏನು, ಯಾರು ಮಾಡುತ್ತಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಬಜೆಟ್ಟು ಎಷ್ಟು ಕೋಟಿ, ಮೊದಲನೇ ದಿನ ಎಷ್ಟು ಎತ್ತುತ್ತದೆ, ಹಿಂದಿಯಲ್ಲಿ ಎಷ್ಟು, ಹೊರದೇಶದಲ್ಲಿ ಎಷ್ಟು. ದಿನಕ್ಕೆ ಐನೂರು ಆರುನೂರಕ್ಕೆ ದುಡಿಯುವವನು ನಿರ್ಮಾಪಕನ ಗುಮಾಸ್ತನ ಹಾಗೆ ಸಾವಿರ ಕೋಟಿಯ ಲೆಕ್ಕ ಒಪ್ಪಿಸುತ್ತಾನೆ. ಆ ಕೋಟಿಯಲ್ಲಿ ಅವನದು ಒಂದು ಟಿಕೆಟ್ಟು, ಅಷ್ಟೇ. ಆದರೂ "ನಾವು ಹೊಡೆದ್ವಿ" ಅನ್ನುತ್ತಾನೆ. ಹಿಂದೆ ಧಣಿಯ ಮನೆಯಲ್ಲಿ ಕಣ ತುಂಬಿದರೆ ಜೀತದಾಳು "ಈ ಸಲ ನಮಗೆ ನೂರು ಪಲ್ಲ" ಅನ್ನುತ್ತಿದ್ದನಂತೆ, ಹಾಗೆ.

ಹಿಂದೆ ಹೇಗಿತ್ತು? ಟೂರಿಂಗ್ ಟಾಕೀಸಿನ ಕಾಲದಲ್ಲಿ ನೆಲ, ಬೆಂಚು, ಕುರ್ಚಿ ಅಂತ ಮೂರು ತರಗತಿ. ನೆಲವೆಂದರೆ ಮರಳು. ಮರಳನ್ನು ಗುಡ್ಡೆ ಮಾಡಿಕೊಂಡು ಕೂರುತ್ತಿದ್ದೆವು, ಹಿಂದಿನವನು ಬೈಯುತ್ತಿದ್ದ. ಊರಿನ ಹೋಟೆಲಿನಲ್ಲಿ ನಮಗೆ ಬೇರೆ ಲೋಟ, ಕೆರೆಯಲ್ಲಿ ಬೇರೆ ಮೆಟ್ಟಿಲು, ದೇವಸ್ಥಾನದಲ್ಲಿ ಮೆಟ್ಟಿಲೇ ಇಲ್ಲ. ಟೆಂಟಿನಲ್ಲಿ ಮಾತ್ರ ಕತ್ತಲು ಬಿದ್ದ ಮೇಲೆ ಯಾರ ತೊಡೆ ಯಾರಿಗೆ ತಗುಲಿತೆಂದು ಯಾರಿಗೆ ಗೊತ್ತು? ಶ್ರೀಲಂಕಾದ ತಮಿಳು ವಿದ್ವಾಂಸ ಕಾ. ಶಿವತಂಬಿಯವರು 1981ರ ತಮ್ಮ ಪುಸ್ತಕದಲ್ಲಿ ಇದನ್ನು ಗುರುತಿಸಿದ್ದಾರೆ. ತಮಿಳರೆಲ್ಲ ಒಂದೇ ಸೂರಿನಡಿ ಕೂತ ಮೊದಲ ಪ್ರದರ್ಶನಶಾಲೆ ಸಿನಿಮಾ, ಅಲ್ಲಿ ಕೂರುವ ಜಾಗವನ್ನು ಹುಟ್ಟಲ್ಲ, ಕೊಟ್ಟ ಕಾಸು ಗೊತ್ತುಮಾಡಿತು ಎಂಬ ಅರ್ಥದಲ್ಲಿ. ಕಾಸು ಗೊತ್ತುಮಾಡಿತು ಎಂಬುದನ್ನೂ ನೆನಪಿಡಬೇಕು. ನೆಲದವರು ಯಾರು, ಕುರ್ಚಿಯವರು ಯಾರು ಎಂದು ಊರಿಗೆಲ್ಲ ಗೊತ್ತಿತ್ತು. ಆದರೆ ನೆಲದ ಜನಕ್ಕೆ ಒಂದು ಅಧಿಕಾರವಿತ್ತು: ಕೂಗುವ ಅಧಿಕಾರ. ರೀಲು ಹರಿದರೆ, ಕತೆ ಕೆಟ್ಟರೆ, ಖಳನಾಯಕ ಉಳಿದರೆ ನೆಲ ಕೂಗುತ್ತಿತ್ತು, ಕುರ್ಚಿ ಕೇಳಿಸಿಕೊಳ್ಳುತ್ತಿತ್ತು. ಪೇಟೆಯ ಥಿಯೇಟರುಗಳಲ್ಲಿ ಅದೇ ಗಾಂಧಿ ಕ್ಲಾಸಾಯಿತು.

'ಚೋಮನ ದುಡಿ' ಬಗ್ಗೆ ನಮ್ಮ ಹಿರಿಯ ಗೆಳೆಯರೊಬ್ಬರು ಹೇಳುತ್ತಿದ್ದುದು ನೆನಪಾಗುತ್ತದೆ. 1975ರ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಎತ್ತುಗಳಿದ್ದೂ ಉಳಲು ಅಂಗೈಯಗಲ ಭೂಮಿ ಇಲ್ಲದೆ ಚೋಮ ದುಡಿ ಬಾರಿಸುತ್ತಾ ಸಾಯುತ್ತಾನೆ. ಗಂಭೀರವಾದ ಚಿತ್ರ, ಅನುಮಾನವಿಲ್ಲ. ಹಿರಿಯರು ನೋಡಿದ ಕಡೆ ನೆಲದ ಮೇಲೆ ಕೂತಿದ್ದ ಮುದುಕನೊಬ್ಬ ಎದ್ದು ಹೋಗುವಾಗ, "ಬಾರ್ಸಿದ್ದು ಸಾಕು, ಗುದ್ಲಿ ಎತ್ಕಳ್ಳೋ" ಎಂದನಂತೆ. ಒಂದು ಗೋಷ್ಠಿಗೆ ಆಗುವಷ್ಟು ಮಾತು ಅದು.

ಆ ಕೂಗು ಈಗ ಎಲ್ಲಿ? ಗಾಂಧಿ ಕ್ಲಾಸಿದ್ದ ಥಿಯೇಟರುಗಳು ಒಂದೊಂದೇ ನೆಲಸಮವಾದವು. ಗಾಂಧಿನಗರದ ಕಪಾಲಿ 2017ರಲ್ಲಿ ಮುಚ್ಚಿತು, ಮೈಸೂರಿನ ಶಾಂತಲಾ 2020ರಲ್ಲಿ. ಆ ಜಾಗಗಳಲ್ಲಿ ಮಾಲು, ಕಾಂಪ್ಲೆಕ್ಸು. ಟೈಲ್ಸ್ ಹಾಕುವವನು ವೈಟ್‌ಫೀಲ್ಡ್ ಕಡೆಯ ಒಂದು ಮಾಲನ್ನು ರೈಲಿನ ಕಿಟಕಿಯ ದಿಕ್ಕಿಗೆ ಬೆರಳು ಮಾಡಿ ಹೇಳಿದ: "ಅದ್ರೊಳ್ಗೆ ಮೂರ್ನೇ ಮಹಡಿ ಥಿಯೇಟ್ರಿಗೆ ಟೈಲ್ಸ್ ಹಾಕಿದ್ದು ನಾವೇ ಸಾರ್. ಸ್ಕ್ರೀನ್ ಹಾಕೋಕ್ ಮುಂಚೆ ಅಲ್ಲೇ ಊಟ ಮಾಡಿ ಮಲ್ಗಿದೀವಿ. ಪಿಕ್ಚರ್ ನೋಡಿಲ್ಲ." 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರ 200 ರೂಪಾಯಿ ಮೀರಕೂಡದೆಂದು ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಇನ್ನೂರು ರೂಪಾಯಿಯೂ ಗಂಡ ಹೆಂಡತಿ ಇಬ್ಬರು ಮಕ್ಕಳಿಗೆ ಎಂಟುನೂರು. ಒಂದೂವರೆ ದಿನದ ಕೂಲಿ. ಅದಕ್ಕೇ ಮೊಬೈಲು, ಅದಕ್ಕೇ ರೈಲು.

ಕೂಗುವ ಜಾಗ ಹೋದ ಮೇಲೆ ಥಿಯೇಟರ್ ಬಾಗಿಲಲ್ಲಿ ಮೈಕು ಹಿಡಿದವರು ಬಂದರು. ಹೊರಗೆ ಬಂದವನ ಮೂತಿಗೆ ಹಿಡಿದು "ಹೇಗಿದೆ ಸಾರ್ ಪಿಕ್ಚರ್" ಅನ್ನುತ್ತಾರೆ. ಕ್ಯಾಮೆರಾ ಕಂಡವನು "ಸೂಪರ್, ಬೆಂಕಿ, ನೂರು ದಿನ ಗ್ಯಾರಂಟಿ" ಅನ್ನುತ್ತಾನೆ. ಸುತ್ತ ಅಭಿಮಾನಿಗಳು ನಿಂತಿರುವಾಗ ಇನ್ನೇನು ಅಂದಾನು? ಕೆಲವರು ಬೇಕೆಂದೇ ಬೈಯುವುದೂ ಉಂಟು, ಬೈಗುಳಕ್ಕೆ ನೋಡುಗರು ಜಾಸ್ತಿ. ಇದನ್ನು ಕೂಡ ಬಂಡವಾಳ ಸಹಿಸಲಿಲ್ಲ. 2024ರ ನವೆಂಬರಿನಲ್ಲಿ ತಮಿಳು ಚಿತ್ರ ನಿರ್ಮಾಪಕರು, ಥಿಯೇಟರ್ ಆವರಣದೊಳಗೆ ಪ್ರೇಕ್ಷಕರ ಅಭಿಪ್ರಾಯ ಚಿತ್ರೀಕರಿಸಲು ಬಿಡಬೇಡಿ ಎಂದು ಮಾಲೀಕರಿಗೆ ಕರೆ ಕೊಟ್ಟರು. 'ಕಂಗುವಾ' ಬಿದ್ದ ಹೊತ್ತು ಅದು. ಜನ ಹೊಗಳಿದಾಗ ಪೋಸ್ಟರಿನ ಮೇಲೆ ಅಚ್ಚು ಹಾಕಿಸುವವರು, ಬೈದಾಗ ಗೇಟು ಹಾಕಿಸುತ್ತಾರೆ. ಸಿನಿಮಾದವರ ಹೊಟ್ಟೆಪಾಡೂ ಇದೆ, ಒಪ್ಪಿದೆವು. ಆದರೆ ಹೋಟೆಲಿನಲ್ಲಿ ಸಾಂಬಾರು ಹಳಸಿದ್ದರೆ ಹೊರಗೆ ಹೋಗಿ ಹೇಳಿ ಅನ್ನುವ ಮಾಲೀಕನನ್ನು ನಾವು ಎಲ್ಲೂ ಕಂಡಿಲ್ಲ.

ಟ್ಯಾಕಲ್‌ನಲ್ಲಿ ಹತ್ತಿದ ಒಬ್ಬ ರೈತಾಪಿ, ತರಕಾರಿ ಮೂಟೆಯ ಮೇಲೆ ಕೂತವನು, 'ಕಾಂತಾರ'ದ ಮಾತೆತ್ತಿದ. 2022ರಲ್ಲಿ ಅದು ಬಂದಾಗ ಎಂಥ ವಾಗ್ವಾದ ನಡೆಯಿತೆಂದು ಓದುಗರಿಗೆ ನೆನಪಿದೆ. ಭೂತಾರಾಧನೆ ಹಿಂದೂವೋ ಅಲ್ಲವೋ ಎಂದು ಕೇಳಿದ ನಟ ಚೇತನ್ ಮೇಲೆ ಪೊಲೀಸ್ ಕೇಸಾಯಿತು. ಕೋಲ ಕಟ್ಟುವ ಪಂಬದ, ನಲಿಕೆ, ಪರವರ ಬದುಕಿನ ಬಗ್ಗೆ ಆಮೇಲೆ ಸ್ವಲ್ಪ ಚರ್ಚೆಯಾಗಿ, ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಎಂದು ಸರ್ಕಾರ ಪ್ರಕಟಿಸಿತು. ಸಿನಿಮಾ ನೋಡಿ ಬಂದ ಲಾಭವೆಂದರೆ ಅದೊಂದೇ ಎನ್ನಬೇಕು. ಅದರ ಹಿಂದಿನ ಕತೆಯೆಂದು 2025ರ ಅಕ್ಟೋಬರ್ 2ರಂದು ಇನ್ನೊಂದು ಭಾಗವೂ ಬಂತು. ಮೂಟೆಯವನು ಇದು ಯಾವುದಕ್ಕೂ ಹೋಗಲಿಲ್ಲ. ಅವನು ಕೇಳಿದ್ದು ಇಷ್ಟು: "ರಾಜ ಕೊಟ್ಟ ಜಾಗ ಅಂತಾರೆ, ಧಣಿ ವಾಪಸ್ ಕಿತ್ಕೊಳೋಕೆ ಬರ್ತಾನೆ, ಗುಳಿಗ ಬಂದು ಹೊಡೀತದೆ. ಆಯ್ತು. ಕಡೇಗೆ ಪಹಣಿ ಯಾರ್ ಹೆಸ್ರಿಗೆ ಬಂತು? ಅದ್ನ ತೋರ್ಸ್ಲೇ ಇಲ್ವಲ್ಲ?"

ಡಬ್ಬಿಯಲ್ಲಿ ನಗು. ಅವನು ನಗಲಿಲ್ಲ. ಅವನ ಕೈಯಲ್ಲಿ ತಾಲ್ಲೂಕು ಕಚೇರಿಯ ಯಾವುದೋ ಕಾಗದದ ಕವರು ಇತ್ತು.

ಸಿನಿಮಾದ ಕೊನೆಯಲ್ಲಿ ದೈವ, ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಒಟ್ಟಿಗೆ ಸೇರಿಸಿ ಕಾಡಿನಲ್ಲಿ ಮಾಯವಾಗುತ್ತದೆ. ನಮಗೆಲ್ಲ ಮೈ ಜುಮ್ಮೆಂದಿತ್ತು. ನಟನೆಯ ಮೇಲೆ, ಆ ಕೂಗಿನ ಮೇಲೆ ನಮ್ಮ ತಕರಾರಿಲ್ಲ. ಆದರೆ ಕೈ ಸೇರಿಸಿದ ಮಾತ್ರಕ್ಕೆ ಖಾತೆ ಬದಲಾಗುವುದಿಲ್ಲ ಎಂಬುದು, ಕಚೇರಿಗೆ ಅಲೆದು ಚಪ್ಪಲಿ ಸವೆಸಿದವನಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರಲಿಲ್ಲ. ಗಣಿಯ ಹಿರಿಯರು ಚಿನ್ನಕ್ಕೆ ಕೇಳಿದ್ದನ್ನೇ ಇವನು ಭೂಮಿಗೆ ಕೇಳಿದ. ಎರಡೂ ಸಿನಿಮಾಗಳು ಕೊನೆಗೆ ಜಾರಿಕೊಂಡ ಜಾಗಕ್ಕೇ ಇಬ್ಬರೂ ನೇರ ಕೈಯಿಟ್ಟರು. ವಿಮರ್ಶೆ ಅಂದರೆ ಇದಲ್ಲದೆ ಮತ್ತೇನು? ನಮ್ಮ ಪತ್ರಿಕೆಗೆ ಸಿನಿಮಾ ಬಗ್ಗೆ ಬರೆಯುವ ಗೆಳೆಯರಲ್ಲಿ ಒಂದು ವಿನಂತಿ: ಬರೆಯುವ ಮುಂಚೆ ಒಂದು ಸಲ ಪ್ಯಾಸೆಂಜರ್ ರೈಲು ಹತ್ತಿ. ಮೈಕು ತೆಗೆದುಕೊಂಡು ಹೋಗಬೇಡಿ.

ಕೋರಮಂಡಲ್ ದಾಟಿದ ಮೇಲೂ ಒಂದಷ್ಟು ದೂರ ಆ ದಿಬ್ಬಗಳು ಕಾಣುತ್ತಿರುತ್ತವೆ. ಸೈನೈಡ್ ದಿಬ್ಬ ಅನ್ನುತ್ತಾರೆ, ಚಿನ್ನ ಸೋಸಿ ಬಿಸಾಡಿದ ಮಣ್ಣು. ಬೇಸಿಗೆಯಲ್ಲಿ ಗಾಳಿ ಎದ್ದರೆ ಅದರ ಧೂಳು ಅನ್ನದ ತಟ್ಟೆಗೆ ಬೀಳುತ್ತದೆ. 'ಕೆ.ಜಿ.ಎಫ್.' ಸಿನಿಮಾದ ಚಿತ್ರೀಕರಣ ನಡೆದದ್ದೂ ಅಲ್ಲೇ. ಹದಿಮೂರು ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಮಣ್ಣಿದೆ, ಅದರಲ್ಲಿ ಇನ್ನೂ ಚಿನ್ನವಿದೆ, ಅದನ್ನು ತೆಗೆಸುತ್ತೇವೆ ಎಂಬ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನಿನಲ್ಲಿ ನಮ್ಮ ರಾಜ್ಯದ ಸಂಪುಟ ಒಪ್ಪಿಗೆ ಕೊಟ್ಟಿತು. ಧೂಳು ಕುಡಿದವರ ಮಕ್ಕಳಿಗೆ ಅದರಲ್ಲಿ ಕೆಲಸವೆಷ್ಟು, ಪಾಲೆಷ್ಟು ಎಂಬುದರ ಬಗ್ಗೆ ರೈಲಿನಲ್ಲಿ ಯಾರಿಗೂ ಖಚಿತವಾದ ನಂಬಿಕೆ ಇದ್ದ ಹಾಗೆ ಕಾಣಲಿಲ್ಲ.

ಮೊಬೈಲಿನ ಹುಡುಗನನ್ನು ಇಳಿಯುವ ಮುಂಚೆ ಮತ್ತೆ ಮಾತಾಡಿಸಿದೆವು. ಮುಂದೆ ಯಾವ ಸಿನಿಮಾಕ್ಕೆ ಕಾಯುತ್ತಿದ್ದೀಯಪ್ಪಾ ಎಂದು. ಕೇಳಬೇಕೆ? 'ಕೆ.ಜಿ.ಎಫ್.' ಮೂರನೆಯದಕ್ಕೆ. ಎರಡನೆಯದರ ಕೊನೆಯಲ್ಲಿ ಸುಳಿವು ಕೊಟ್ಟು ಬಿಟ್ಟಿದ್ದಾರಲ್ಲ. ಅದರಲ್ಲಿ ಏನಿರಬೇಕು ಎಂದು ಕೇಳಿದೆವು. ಅವನು ಕೋಟಿಯ ಲೆಕ್ಕ ಹೇಳುತ್ತಾನೆಂದು ಕಾದಿದ್ದೆವು. ಹುಡುಗ ಪಕ್ಕದಲ್ಲಿ ನಿದ್ದೆ ಹೋಗಿದ್ದ ಹಿರಿಯರನ್ನು ನೋಡಿದ.

"ಸಮುದ್ರದಿಂದ ಆ ಚಿನ್ನಾನ ಮೇಲೆತ್ತಬೇಕು ಸಾರ್. ಎತ್ತೋಕೆ ಈ ತಾತನ್ನ ಕರ್ಕೊಂಡ್ಹೋಗ್ಲಿ. ಇವ್ರಿಗೆ ಗೊತ್ತು, ಆಳದಿಂದ ಹೆಂಗೆ ಎತ್ತೋದು ಅಂತ."

ವೈಟ್‌ಫೀಲ್ಡ್ ಬಂತು. ಹುಡುಗ ತಾತನ ಭುಜ ಅಲ್ಲಾಡಿಸಿ ಎಬ್ಬಿಸಿ, ಅವರ ಊಟದ ಡಬ್ಬಿಯನ್ನೂ ತಾನೇ ಹಿಡಿದುಕೊಂಡು ಇಳಿದ.